ಗೊಬ್ನಿಟ್: ಜೇನಿನದಲ್ಲ, ಕುಲುಮೆಯ ಹೆಸರು

ಐರ್ಲೆಂಡಿನಲ್ಲೇ ಈಗ ಅಪರೂಪವಾಗಿರುವ ಹೆಣ್ಣುಮಕ್ಕಳ ಹೆಸರು ಗೊಬ್ನಿಟ್. ಇದರ ಅರ್ಥ ಕೇಳಿದರೆ ಹಲವರು ‘ತಂದೆಯ ಆನಂದ’ ಎನ್ನುತ್ತಾರೆ, ಇನ್ನು ಕೆಲವರು ‘ಜೇನುಹುಳ’ ಎನ್ನುತ್ತಾರೆ. ಎರಡೂ ತಪ್ಪು. ಅವು ಐರಿಷ್ ಭಾಷೆಯ ಅರ್ಥಗಳೇ ಅಲ್ಲ, ಹೀಬ್ರೂವಿನವು.

ಆದದ್ದಿಷ್ಟು. ಇಂಗ್ಲಿಷರ ಆಡಳಿತ ಕಾಲದಲ್ಲಿ ಐರಿಷ್ ಹೆಸರುಗಳನ್ನು ದಾಖಲೆಗೆ ಇಳಿಸುವಾಗ ಬದಲಿ ಹೆಸರು ಹಾಕುವ ರೂಢಿ ಬೆಳೆಯಿತು. ಮನೆಯಲ್ಲಿ ಗೊಬ್ನಿಟ್ ಆಗಿದ್ದವಳು ಕಾಗದದ ಮೇಲೆ ಅಬಿಗೇಲ್ ಅಥವಾ ಡೆಬೊರಾ ಆದಳು, ಬಾರ್ಬರಾ ಆದದ್ದೂ ಉಂಟು. ಅಬಿಗೇಲ್‌ಗೆ ತಂದೆಯ ಆನಂದ, ಡೆಬೊರಾಗೆ ಜೇನುಹುಳ ಎಂಬ ಅರ್ಥ. ಬದಲಿಯ ಅರ್ಥ ಮೂಲಕ್ಕೇ ಅಂಟಿಕೊಂಡಿತು.

ಜೇನಿನ ವಿಷಯದಲ್ಲಿ ಮಾತ್ರ ಎಡವಿದವರನ್ನು ಹೆಚ್ಚು ದೂರುವಂತಿಲ್ಲ. ಕಾರ್ಕ್ ಜಿಲ್ಲೆಯ ಬ್ಯಾಲಿವೌರ್ನಿಯ ಸಂತ ಗೊಬ್ನಿಟ್ ಜೇನು ಸಾಕುವವರ ರಕ್ಷಕಿ. ದನಗಳ್ಳರ ಮೇಲೆ ಜೇನುಹುಳ ಬಿಟ್ಟು ಓಡಿಸಿದಳೆಂದು ಐತಿಹ್ಯ. ಕಾರ್ಕ್ ನಗರದ ಹೋನನ್ ಪ್ರಾರ್ಥನಾಮಂದಿರದಲ್ಲಿ ಹ್ಯಾರಿ ಕ್ಲಾರ್ಕ್ ರಚಿಸಿದ ಬಣ್ಣದ ಗಾಜಿನ ಕಿಟಕಿಯಲ್ಲೂ ಆಕೆ ಕಡುನೀಲಿ ಉಡುಪಿನಲ್ಲಿದ್ದಾಳೆ, ಜೊತೆಗೆ ಜೇನುಹುಳಗಳಿವೆ. ಇದನ್ನು ನೋಡಿದವರು ಹೆಸರೂ ಜೇನಿನದೇ ಅಂದುಕೊಂಡರೆ ಆಶ್ಚರ್ಯವೇನು?

ಆದರೆ ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಮೂಲ ಕಮ್ಮಾರನನ್ನು ಸೂಚಿಸುವ ಹಳೆಯ ಐರಿಷ್ ಪದ. ಗಂಡಸರ ಹೆಸರು ಗೊಬಾನ್, ಅದರ ಹೆಣ್ಣುರೂಪ ಗೊಬ್ನಿಟ್. ಐರಿಷ್ ಪುರಾಣದ ದೇವಕಮ್ಮಾರ ಗೊಯಿಬ್ನಿಯು ಕೂಡ ಇದೇ ಬಳಗದವನು. 1951ರಲ್ಲಿ ಪುರಾತತ್ತ್ವಜ್ಞ ಎಂ. ಜೆ. ಒಕೆಲ್ಲಿ ಬ್ಯಾಲಿವೌರ್ನಿಯಲ್ಲಿ ‘ಗೊಬ್ನಿಟ್ ಮನೆ’ ಎಂದು ಜನ ಕರೆಯುವ ದುಂಡನೆಯ ಕಲ್ಲಿನ ಕಟ್ಟಡದಲ್ಲಿ ಅಗೆತ ನಡೆಸಿದಾಗ ಸಿಕ್ಕಿದ್ದು ಕಬ್ಬಿಣದ ಕಿಟ್ಟ, ಕುಲುಮೆ ಕೆಲಸದ ಕುರುಹು. ಅಷ್ಟಕ್ಕೇ ಸಂತಳೇ ಸುತ್ತಿಗೆ ಹಿಡಿದಿದ್ದಳು ಎನ್ನಲಾಗದು, ಅದು ಬೇರೆ ಮಾತು.

ಫೆಬ್ರುವರಿ 11 ಆಕೆಯ ಹಬ್ಬ. ಮಧ್ಯಯುಗದ ಮರದ ವಿಗ್ರಹದ ಉದ್ದಕ್ಕೂ ಸುತ್ತಲೂ ರಿಬ್ಬನ್ ಹಿಡಿದು ಅಳತೆ ತೆಗೆದು, ಕಾಯಿಲೆ ವಾಸಿಯಾಗಲೆಂದು ಮನೆಗೊಯ್ಯುವ ರೂಢಿ ಅಲ್ಲಿ ಇಂದಿಗೂ ಇದೆ.

ಈ ಹೆಸರು ಹಳ್ಳಿ ಅಜ್ಜಿಯರಿಗಷ್ಟೇ ಸರಿ ಎಂಬ ಮಾತೂ ನಿಲ್ಲುವುದಿಲ್ಲ. ಶ್ರೀಮಂತ ಮನೆತನದ ಆಲ್ಬಿನಿಯಾ ಬ್ರಾಡ್ರಿಕ್ (1861–1955) ಐರಿಷ್ ಸ್ವಾತಂತ್ರ್ಯದ ಪಕ್ಷ ಹಿಡಿದು, ಬಯಸಿ ಬಯಸಿ ಗೊಬ್ನಿಟ್ ಆದಳು. ಬಂಗಾಳ ವಿಭಜನೆಯಾದ 1905ರಲ್ಲಿ ಲಂಡನ್ನಿನಲ್ಲಿ ಭಾರತದ ಮಂತ್ರಿಯಾಗಿದ್ದವನು ಅವಳ ಒಡಹುಟ್ಟಿದ ಅಣ್ಣ.