ಸೇರಿದವರೆಷ್ಟು, ಗಳಿಸಿದವರೆಷ್ಟು?

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಹೊಸ ಕಬ್ಬಿನ ತಳಿಯೊಂದು ರೈತರ ಕೈ ಸೇರುವ ಮೊದಲು ವರ್ಷಗಟ್ಟಲೆ ಪರೀಕ್ಷೆಗೆ ಒಳಗಾಗುತ್ತದೆ. ಹೊಸ ತಳಿಯ ಪಕ್ಕದಲ್ಲೇ ಎಲ್ಲರೂ ಬಲ್ಲ ಹಳೆಯ ತಳಿಯನ್ನೂ ನೆಡುತ್ತಾರೆ. ಮಣ್ಣು ಒಂದೇ, ನೀರು ಒಂದೇ, ಗೊಬ್ಬರವೂ ಒಂದೇ. ಒಂದು ತಾಕಿನಲ್ಲಿ ಭರ್ಜರಿಯಾಗಿ ಬಂದರೆ ಸಾಲದು. ಸೊರಗಿದ ತಾಕಿನ ಇಳುವರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಿಸಿಎಫ್ 0517 ತಳಿ ಹೊರಬಂದದ್ದು ಈ ಕೇಂದ್ರದಿಂದಲೇ. ಕೆರಗೋಡು ಹೋಬಳಿಯ ರೈತರೂ ಬಿತ್ತನೆ ಕಬ್ಬು ಕೊಳ್ಳುವಾಗ, "ಯಾರ ಗದ್ದೇಲಿ ಹಾಕವ್ರೆ, ಎಕರೆಗೆ ಎಷ್ಟು ಟನ್ ಬಂತು" ಎಂದು ವಿಚಾರಿಸುತ್ತಾರೆ. ಅದೇ ಮನೆಯ ಮಗನೋ ಮಗಳೋ 'ಮನೆಯಲ್ಲೇ ಕೂತು ತಿಂಗಳಿಗೆ ಎರಡು ಲಕ್ಷ' ಎನ್ನುವ ಬಿಸಿನೆಸ್ ಕೋರ್ಸಿಗೆ ಮೊಬೈಲಿನಲ್ಲಿ ದುಡ್ಡು ಕಟ್ಟುವಾಗ ಈ ಪ್ರಶ್ನೆ ಏಳುವುದೇ ಇಲ್ಲ. ಏಳದಂತೆ ಮಾಡುವುದೇ ಆ ವ್ಯಾಪಾರದ ಕಸುಬು.

ಆನ್‌ಲೈನ್ ಕೋಚಿಂಗ್ ನಡೆಸುವ ಎಲ್ಲರೂ ಮೋಸಗಾರರಲ್ಲ. ಮೋಸದ ಕೋಚಿಂಗ್‌ಗೆ ಮಾತ್ರ ಒಂದು ಗೊತ್ತಾದ ನಡೆ ಇದೆ. ಮೊದಲು ರೀಲ್ಸ್‌ನಲ್ಲಿ ಕಾರು, ವಿದೇಶ ಪ್ರವಾಸ, ಬ್ಯಾಂಕ್ ಖಾತೆಯ ಸ್ಕ್ರೀನ್‌ಶಾಟ್. ಆಮೇಲೆ 99 ರೂಪಾಯಿಯ ವೆಬಿನಾರ್. ಅದರ ಕೊನೆಯಲ್ಲಿ 'ಇವತ್ತು ರಾತ್ರಿ 12 ಗಂಟೆಯೊಳಗೆ ಸೇರಿದವರಿಗೆ ಮಾತ್ರ' ಎಂಬ ರಿಯಾಯಿತಿ. ಸೇರಿದ ಮೇಲೆ ವಾಟ್ಸ್‌ಆ್ಯಪ್ ಗ್ರೂಪ್. ಅಲ್ಲಿಂದ 'ಪ್ರೀಮಿಯಂ', 'ಒನ್ ಟು ಒನ್' ಎಂದು ಶುಲ್ಕ ಏರುತ್ತಲೇ ಹೋಗುತ್ತದೆ. ಕೈಯಲ್ಲಿ ದುಡ್ಡಿಲ್ಲ ಎಂದರೆ ಇಎಂಐ ಮಾಡಿಸಿಕೊಡುತ್ತಾರೆ. ಎಷ್ಟೋ ಕಡೆ ಕೊನೆಗೆ ತೋರಿಸುವ ಸಂಪಾದನೆಯ ದಾರಿ ಒಂದೇ: ಇದೇ ಕೋರ್ಸನ್ನು ನಿಮ್ಮ ನೆಂಟರಿಗೆ, ಗೆಳೆಯರಿಗೆ ಮಾರಿ, ಕಮಿಷನ್ ತೆಗೆದುಕೊಳ್ಳಿ.

ಈ ಜಾಡಿನ ಅತಿ ದೊಡ್ಡ ಪ್ರಕರಣಗಳಲ್ಲಿ ಒಂದು 'ಮೈ ಆನ್‌ಲೈನ್ ಬಿಸಿನೆಸ್ ಎಜುಕೇಷನ್', ಅಂದರೆ ಮೋಬ್. 21 ಹೆಜ್ಜೆಗಳಲ್ಲಿ ಆನ್‌ಲೈನ್ ವ್ಯಾಪಾರ ಕಲಿಸುತ್ತೇವೆ ಎನ್ನುತ್ತಿದ್ದ ಈ ಸಂಸ್ಥೆಯನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರ ಜೂನ್‌ನಲ್ಲಿ ನ್ಯಾಯಾಲಯದ ಮೂಲಕ ನಿಲ್ಲಿಸಿತು. ಪ್ರವೇಶ ಶುಲ್ಕ ಬರೀ 49 ಡಾಲರ್. ಮೇಲಿನ ಸದಸ್ಯತ್ವಗಳ ಬೆಲೆ ಏರುತ್ತಾ ಹೆಚ್ಚುಕಡಿಮೆ 30,000 ಡಾಲರ್ ಮುಟ್ಟುತ್ತಿತ್ತು. ಜನರಿಂದ ಸೆಳೆದ ಹಣ 12.5 ಕೋಟಿ ಡಾಲರಿಗೂ ಹೆಚ್ಚು ಎಂಬುದು ಕಮಿಷನ್ನಿನ ಆರೋಪವಾಗಿತ್ತು. 2022ರಲ್ಲಿ ಮೋಸ ಹೋದವರಿಗೆ ವಾಪಸು ಹೋದದ್ದು ಸುಮಾರು 2.3 ಕೋಟಿ ಡಾಲರ್ ಮಾತ್ರ.

ನಮ್ಮ ದೇಶದ ಉದಾಹರಣೆ ಷೇರುಪೇಟೆಯದು. 'ಬಾಪ್ ಆಫ್ ಚಾರ್ಟ್' ಹೆಸರಿನಲ್ಲಿ ಟ್ರೇಡಿಂಗ್ ಕೋರ್ಸ್ ಮಾರುತ್ತಿದ್ದವರ ವಿರುದ್ಧ ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ 2023ರ ಅಕ್ಟೋಬರ್‌ನಲ್ಲಿ ಮಧ್ಯಂತರ ಆದೇಶ ಹೊರಡಿಸಿ, 17.2 ಕೋಟಿ ರೂಪಾಯಿ ಠೇವಣಿ ಇಡುವಂತೆ ಹೇಳಿತು. ಆ ಆದೇಶದ ಪ್ರಕಾರ, ಕಲಿಸುವವರು ತಮ್ಮ ಲಾಭದ ವಹಿವಾಟುಗಳನ್ನಷ್ಟೇ ಜನರಿಗೆ ತೋರಿಸುತ್ತಿದ್ದರು. 2021ರ ಜನವರಿಯಿಂದ 2023ರ ಜುಲೈವರೆಗೆ ಅವರ ಸ್ವಂತ ವಹಿವಾಟಿನಲ್ಲಿ ಆಗಿದ್ದದ್ದು 2.89 ಕೋಟಿ ರೂಪಾಯಿ ನಷ್ಟ.

ಇಂಥದಕ್ಕೆ ಓದಿದವರೂ ಬೀಳುತ್ತಾರೆ, ವ್ಯವಹಾರ ಬಲ್ಲವರೂ ಬೀಳುತ್ತಾರೆ. ಯಾಕೆಂದರೆ ಇಲ್ಲಿ ದುರ್ಬಳಕೆಯಾಗುವುದು ಎಲ್ಲ ಮನುಷ್ಯರಲ್ಲೂ ಇರುವ ಸಹಜ ಸ್ವಭಾವ. 1966ರಲ್ಲಿ ಜೊನಾಥನ್ ಫ್ರೀಡ್‌ಮನ್ ಮತ್ತು ಸ್ಕಾಟ್ ಫ್ರೇಸರ್ ಎಂಬ ಮನೋವಿಜ್ಞಾನಿಗಳು ಕ್ಯಾಲಿಫೋರ್ನಿಯಾದಲ್ಲಿ ಮನೆಮನೆಗೆ ಹೋಗಿ, ಅಂಗಳದಲ್ಲಿ 'ಎಚ್ಚರದಿಂದ ವಾಹನ ಓಡಿಸಿ' ಎನ್ನುವ ದೊಡ್ಡ, ನೋಡಲು ಚೆಂದವಿಲ್ಲದ ಫಲಕ ನಿಲ್ಲಿಸಲು ಅನುಮತಿ ಕೇಳಿಸಿದರು. ನೇರವಾಗಿ ಕೇಳಿದಾಗ ಒಪ್ಪಿದವರು ಶೇ. 17ಕ್ಕಿಂತ ಕಡಿಮೆ. ಇನ್ನೊಂದು ಗುಂಪಿನವರು ಅದಕ್ಕೂ ಮೊದಲು, ಸುರಕ್ಷಿತ ಚಾಲನೆಯದೇ ಪುಟ್ಟ ಫಲಕವೊಂದಕ್ಕೆ ಒಪ್ಪಿಗೆ ಕೊಟ್ಟಿದ್ದರು. ಅವರಲ್ಲಿ ದೊಡ್ಡ ಫಲಕಕ್ಕೂ ಹೂಂ ಎಂದವರು ಶೇ. 76. ಚಿಕ್ಕದೊಂದಕ್ಕೆ ಒಪ್ಪಿದ ಮನಸ್ಸು ದೊಡ್ಡದಕ್ಕೂ ಅಣಿಯಾಗಿರುತ್ತದೆ. 99 ರೂಪಾಯಿಯ ವೆಬಿನಾರ್ ಮಾಡುವ ಕೆಲಸ ಇದೇ. ಅವರಿಗೆ ಬೇಕಿರುವುದು ಆ 99 ರೂಪಾಯಿಯಲ್ಲ, ಮೊದಲ ಒಪ್ಪಿಗೆ.

ದುಡ್ಡು ಕಟ್ಟಿದ ಮೇಲೆ ಇನ್ನೊಂದು ಸ್ವಭಾವ ಕೆಲಸ ಮಾಡುತ್ತದೆ. ಹಾಕಿದ ಹಣ ದಂಡವಾಗಬಾರದು ಎಂದು ಮತ್ತಷ್ಟು ಹಾಕುತ್ತೇವೆ. ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ 1985ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ನಾಟಕಗಳ ಸೀಸನ್ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಅನಿರೀಕ್ಷಿತವಾಗಿ ರಿಯಾಯಿತಿ ಕೊಟ್ಟರು. ಸೀಸನ್ನಿನ ಮೊದಲ ಅರ್ಧದಲ್ಲಿ ಪೂರ್ತಿ ಬೆಲೆ ಕೊಟ್ಟವರೇ ಹೆಚ್ಚು ನಾಟಕ ನೋಡಿದರು. ನಾಟಕಗಳು ಎಲ್ಲರಿಗೂ ಒಂದೇ. ಕೊಟ್ಟ ದುಡ್ಡು ಮಾತ್ರ ಬೇರೆ. ಇಪ್ಪತ್ತು ಸಾವಿರ ಕಟ್ಟಿ ಏನೂ ಸಿಗದವರು ಇನ್ನೂ ಐವತ್ತು ಸಾವಿರ ಹೊಂದಿಸಲು ಓಡಾಡುವುದು ಇದೇ ಸ್ವಭಾವದಿಂದ.

ಮೂರನೆಯದು ಗಡುವಿನ ಒತ್ತಡ. ತೆರೆಯ ಮೇಲೆ ಗಡಿಯಾರ ಹಿಂದಕ್ಕೆ ಎಣಿಸುತ್ತಿದ್ದಾಗ ಗಮನವೆಲ್ಲ ಕೈತಪ್ಪುವ ಅವಕಾಶದ ಮೇಲೇ ನೆಟ್ಟಿರುತ್ತದೆ. ಮನೆಯವರನ್ನು ಕೇಳಲು, ಲೆಕ್ಕ ಹಾಕಲು ಪುರುಸೊತ್ತು ಸಿಗುವುದಿಲ್ಲ. ಕೇಂದ್ರ ಸರ್ಕಾರ 2023ರ ನವೆಂಬರ್ 30ರಂದು ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಆನ್‌ಲೈನ್ ವ್ಯಾಪಾರದ 13 ಕುಟಿಲ ತಂತ್ರಗಳನ್ನು ನಿಷೇಧಿಸಿದೆ. ಪಟ್ಟಿಯಲ್ಲಿ ಮೊದಲು ಬರುವುದೇ ಈ ಸುಳ್ಳು ಗಡಿಬಿಡಿ.

ಆದರೂ ಕಣ್ಣಮುಂದೆ ಗೆದ್ದವರಿದ್ದಾರಲ್ಲ? ವಿಡಿಯೊದಲ್ಲಿ ಅವರೇ ಬಂದು ಹೇಳುತ್ತಾರಲ್ಲ? ಒಂದು ಲೆಕ್ಕ ಮಾಡೋಣ. ಒಂದು ಕೋರ್ಸಿಗೆ 2,000 ಜನ ಸೇರಿದರು ಎನ್ನೋಣ. ಅವರಲ್ಲಿ ನೂರಕ್ಕೊಬ್ಬರು ತಮ್ಮ ಹಳೆಯ ಅನುಭವದಿಂದಲೋ ಅದೃಷ್ಟದಿಂದಲೋ, ಕೋರ್ಸ್ ಇಲ್ಲದಿದ್ದರೂ, ಚೆನ್ನಾಗಿ ಸಂಪಾದಿಸುವವರೇ ಆಗಿದ್ದರೆ ಗೆದ್ದವರು 20 ಮಂದಿ ಸಿಗುತ್ತಾರೆ. ಇಪ್ಪತ್ತು ವಿಡಿಯೊಗಳಿಗೆ ಅಷ್ಟು ಸಾಕು. ಒಬ್ಬರೂ ಸುಳ್ಳು ಹೇಳಿಲ್ಲ, ಆದರೂ ಒಟ್ಟು ಚಿತ್ರ ಸುಳ್ಳು. ಉಳಿದ 1,980 ಜನ ಯಾವ ವಿಡಿಯೊದಲ್ಲೂ ಇಲ್ಲ. ಬದುಕುಳಿದವರನ್ನಷ್ಟೇ ನೋಡಿ ತೀರ್ಮಾನಕ್ಕೆ ಬರುವ ಈ ತಪ್ಪನ್ನು ಸಂಖ್ಯಾಶಾಸ್ತ್ರಜ್ಞರು ಸರ್ವೈವರ್‌ಶಿಪ್ ಬಯಾಸ್ ಎನ್ನುತ್ತಾರೆ.

ಹಾಗಾದರೆ ವ್ಯಾಪಾರದ ತರಬೇತಿಯಿಂದ ನಿಜವಾಗಿ ಎಷ್ಟು ಲಾಭ? ಇದನ್ನು ವಿಜ್ಞಾನಿಗಳು ಅಳೆದಿದ್ದಾರೆ. ಸಣ್ಣ ವ್ಯಾಪಾರಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ತರಬೇತಿ ಕೊಟ್ಟು, ಇನ್ನೊಂದಕ್ಕೆ ಕೊಡದೆ, ಎರಡರ ಆದಾಯವನ್ನೂ ಹೋಲಿಸುವುದು ಇದರ ಕ್ರಮ. ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞ ಡೇವಿಡ್ ಮೆಕೆಂಜಿ 2021ರಲ್ಲಿ ಬಡ ಮತ್ತು ಮಧ್ಯಮ ಆದಾಯದ ದೇಶಗಳ ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸರಾಸರಿಯಲ್ಲಿ ವ್ಯಾಪಾರ ಸುಮಾರು ಶೇ. 5, ಲಾಭ ಸುಮಾರು ಶೇ. 10 ಹೆಚ್ಚಿತ್ತು. ಆಫ್ರಿಕಾದ ಟೋಗೊದಲ್ಲಿ 1,500 ಸಣ್ಣ ಉದ್ಯಮಿಗಳ ಮೇಲೆ ನಡೆದು 2017ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ, ಸ್ವಂತ ಉಪಕ್ರಮ ಬೆಳೆಸುವ ತರಬೇತಿಯಿಂದ ಲಾಭ ಶೇ. 30 ಏರಿತೆಂದು ತೋರಿಸಿತು. ಈ ಕ್ಷೇತ್ರದಲ್ಲಿ ಇದು ಬಹಳ ಒಳ್ಳೆಯ ಫಲಿತಾಂಶ. ತಿಂಗಳಿಗೆ 20,000 ಲಾಭ ಮಾಡುವ ಅಂಗಡಿಗೆ ಒಳ್ಳೆಯ ತರಬೇತಿ ಎರಡರಿಂದ ಆರು ಸಾವಿರ ಸೇರಿಸಬಹುದು. ಅದು ಸಣ್ಣ ಮೊತ್ತವೇನಲ್ಲ. ಆದರೆ ಶೂನ್ಯದಿಂದ ಎರಡು ಲಕ್ಷಕ್ಕೆ ಜನರನ್ನು ಏರಿಸುವ ಕೋರ್ಸ್ ಈ ಅಳತೆಗಳ ಹತ್ತಿರಕ್ಕೂ ಬರುವುದಿಲ್ಲ.

ಇಷ್ಟಾಗಿ, ಫಲ ಸಿಗದವರು ಗ್ರೂಪಿನಲ್ಲಿ ಕೇಳಿದರೆ ಬರುವ ಉತ್ತರ, 'ನಿಮ್ಮ ಮೈಂಡ್‌ಸೆಟ್ ಸರಿಯಿಲ್ಲ, ಶ್ರಮ ಸಾಲದು'. ಗೆದ್ದರೆ ಕೋರ್ಸಿನ ಮಹಿಮೆ, ಸೋತರೆ ನಿಮ್ಮ ದೋಷ. ತಪ್ಪೆಂದು ತೋರಿಸಲು ಯಾವ ದಾರಿಯನ್ನೂ ಬಿಡದ ಮಾತು ವಿಜ್ಞಾನವಾಗಲಾರದು ಎಂದು ತತ್ತ್ವಜ್ಞಾನಿ ಕಾರ್ಲ್ ಪಾಪರ್ 1934ರಲ್ಲೇ ವಾದಿಸಿದ್ದರು. ಕೋಚಿಂಗ್ ಮೋಸದ ಅತ್ಯಂತ ಕ್ರೂರ ಭಾಗ ಇದೇ ಎಂದು ನನಗೆ ಅನಿಸುತ್ತದೆ. ದುಡ್ಡು ಕಳೆದುಕೊಂಡವರು ತಮ್ಮ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತಾರೆ.

ಕಬ್ಬಿನ ಬಿಲ್ಲು ಒಮ್ಮೆಗೇ ಕೈಗೆ ಬರುವ, ಡಿಗ್ರಿ ಮುಗಿಸಿದ ಮಕ್ಕಳು ಬೆಂಗಳೂರಿನ ಬಸ್ಸು ಹತ್ತುವ ಊರುಗಳಲ್ಲಿ, ಇದ್ದಲ್ಲೇ ದುಡಿಯುವ ಆಸೆ ನ್ಯಾಯವಾದದ್ದು. ಅದಕ್ಕೆ ದಾರಿಗಳೂ ಇವೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ದೇಶದ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ನಡೆಯುತ್ತಿವೆ. ಅಲ್ಲಿ ತರಬೇತಿ, ಊಟ, ವಸತಿ ಎಲ್ಲ ಉಚಿತ. ವಿ.ಸಿ. ಫಾರಂನಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ. ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ನೆರವಾಗುವ ಕೇಂದ್ರದ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಗೊತ್ತುಮಾಡಿರುವ ಉತ್ಪನ್ನ ನಮ್ಮ ಬೆಲ್ಲವೇ. ಘಟಕದ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷದವರೆಗೆ ಸಹಾಯಧನ ಸಿಗುತ್ತದೆ.

ಯಾವುದೇ ಕೋರ್ಸಿಗೆ ದುಡ್ಡು ಕಟ್ಟುವ ಮುನ್ನ ಮೂರು ಸಂಗತಿಗಳನ್ನು ಬರಹದಲ್ಲಿ ಕೇಳಿ. ಕಳೆದ ವರ್ಷ ಸೇರಿದವರೆಷ್ಟು? ಅವರಲ್ಲಿ ಕಟ್ಟಿದ ಶುಲ್ಕಕ್ಕಿಂತ ಹೆಚ್ಚು ಗಳಿಸಿದವರೆಷ್ಟು? ಶುಲ್ಕ ವಾಪಸು ಕೊಡುವ ಷರತ್ತೇನು? ಉತ್ತರಕ್ಕೆ ಬದಲಾಗಿ ಮತ್ತೊಂದು ವಿಡಿಯೊ ಬಂದರೆ ಅಲ್ಲಿಗೇ ಬಿಡಿ. ಹೊಸಬರನ್ನು ಸೇರಿಸಿದರೆ ಮಾತ್ರ ಆದಾಯ ಎಂದರೆ ಅದು ಪಿರಮಿಡ್ ಯೋಜನೆ. ನೇರ ಮಾರಾಟದ 2021ರ ನಿಯಮಗಳು ಅದನ್ನು ನಿಷೇಧಿಸಿವೆ.

ಆಗಲೇ ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವಂಚಕರು ಹಣವನ್ನು ಬೇರೆ ಖಾತೆಗಳಿಗೆ ದಾಟಿಸುವ ಮೊದಲು ದೂರು ತಲುಪಿದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಚಾಟ್, ಯುಪಿಐ ರಸೀದಿ, ಜಾಹೀರಾತಿನ ಸ್ಕ್ರೀನ್‌ಶಾಟ್ ಯಾವುದನ್ನೂ ಅಳಿಸಬೇಡಿ. ಜಿಲ್ಲೆಯ ಸೈಬರ್ ಅಪರಾಧ (ಸಿಇಎನ್) ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಗ್ರಾಹಕ ಸಹಾಯವಾಣಿ 1915. ಕೊಟ್ಟ ಮೊತ್ತ ಐದು ಲಕ್ಷದವರೆಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ. 'ನಿಮ್ಮ ದುಡ್ಡು ವಾಪಸು ಕೊಡಿಸುತ್ತೇವೆ, ಮೊದಲು ಇಷ್ಟು ಕಟ್ಟಿ' ಎಂದು ಯಾರಾದರೂ ಬಂದರೆ ಅದು ಎರಡನೆಯ ಮೋಸ.

ನಾಚಿಕೆಪಟ್ಟು ಸುಮ್ಮನಿರುವ ಪ್ರತಿಯೊಬ್ಬರೂ ಲೆಕ್ಕದಿಂದ ಅಳಿಸಿಹೋದ ಒಂದು ಸಾಕ್ಷಿ. ಆ ಮೌನವಿರುವುದರಿಂದಲೇ ಇಪ್ಪತ್ತು ವಿಡಿಯೊಗಳು ಎರಡು ಸಾವಿರ ಜನರ ಕಥೆಯಂತೆ ಕಾಣುತ್ತವೆ. ಕಳೆದುಕೊಂಡವರು ತಮ್ಮ ಸ್ತ್ರೀಶಕ್ತಿ ಸಂಘದಲ್ಲಿ, ಹಾಲಿನ ಡೇರಿಯ ಮುಂದೆ, ಕಾಲೇಜಿನ ಗೆಳೆಯರ ನಡುವೆ ತಮಗಾದದ್ದನ್ನು ಹೇಳಿಕೊಂಡರೆ ಮುಂದಿನವರಿಗೆ ಸೋಲಿನ ಲೆಕ್ಕವೂ ಸಿಗುತ್ತದೆ. ಕೇಳುವವರು ಹಂಗಿಸದೆ ಕೇಳಿಸಿಕೊಳ್ಳಬೇಕು. ಒಂದು ಊರು ಈ ಮೋಸದಿಂದ ತನ್ನ ಮಕ್ಕಳನ್ನು ಕಾಯಲು ಇದಕ್ಕಿಂತ ದೊಡ್ಡ ಸಹಾಯವಿಲ್ಲ.