ಸುಂಕದ ಕಟ್ಟೆ ದಾಟಿದ ಕಾಳಿನ ಮೂಟೆ
ಪೂರ್ವ ಆಫ್ರಿಕದ ಗಡಿ ಸಂತೆಯ ಹೆಂಗಸರಿಂದ ಒಂದು ಪಾಠ

ನಿಮ್ಮ ಊರಿನಿಂದ ಸಂತೆಗೆ ಹೋಗುವ ದಾರಿಯ ನಡುವೆ ಒಂದು ದೇಶ ಮುಗಿದು ಇನ್ನೊಂದು ದೇಶ ಶುರುವಾಗುತ್ತದೆ ಎಂದು ಇಟ್ಟುಕೊಳ್ಳಿ. ಕಾಳು ಬೆಳೆಯುವುದು ಈಚೆ, ಕೊಳ್ಳುವವರಿರುವುದು ಆಚೆ, ನಡುವೆ ಸುಂಕದ ಕಟ್ಟೆ. ಆಗ ನಿಮ್ಮ ವ್ಯಾಪಾರ ಹೇಗೆ ನಡೆದೀತು?

ಪೂರ್ವ ಆಫ್ರಿಕದ ಉಗಾಂಡ ಮತ್ತು ಕೀನ್ಯ ದೇಶಗಳ ಗಡಿಯಲ್ಲಿರುವ ಬುಸಿಯ ಎಂಬಲ್ಲಿ ಇದು ದಿನನಿತ್ಯದ ಮಾತು. ಗಡಿಯ ಎರಡೂ ಬದಿಗೆ ಪಟ್ಟಣವಿದೆ. ಎರಡರ ಹೆಸರೂ ಬುಸಿಯ. ದಕ್ಷಿಣ ಉಗಾಂಡದಲ್ಲಿ ವರ್ಷಕ್ಕೆ ಎರಡು ಮಳೆಗಾಲ. ಅಲ್ಲಿ ಮುಸುಕಿನ ಜೋಳ, ಬೀನ್ಸ್ ಕಾಳು, ಬಾಳೆ, ಟೊಮೆಟೊ ಚೆನ್ನಾಗಿ ಬರುತ್ತವೆ. ಕೀನ್ಯದ ಜನಕ್ಕೆ ಮುಸುಕಿನ ಜೋಳವೇ ಮುಖ್ಯ ಆಹಾರ. ತಾವು ಬೆಳೆದದ್ದು ಅವರಿಗೆ ಎಷ್ಟೋ ವರ್ಷ ಸಾಲದು. ಆದ್ದರಿಂದ ಕಾಳು ಪೂರ್ವಕ್ಕೆ ಹರಿಯುತ್ತದೆ, ಕಾರ್ಖಾನೆಯ ಸಾಮಾನು ಪಶ್ಚಿಮಕ್ಕೆ ಬರುತ್ತದೆ. ದೊಡ್ಡ ವ್ಯಾಪಾರಿಗಳು ಲಾರಿಗಳಲ್ಲಿ ತುಂಬುತ್ತಾರೆ. ಒಂದೆರಡು ಮೂಟೆಯನ್ನು ತಲೆಯ ಮೇಲೋ ಸೈಕಲ್ಲಿನ ಮೇಲೋ ಸಾಗಿಸುವ ಸಣ್ಣ ವ್ಯಾಪಾರಿಗಳಲ್ಲಿ ಹೆಚ್ಚಿನವರು ಹೆಂಗಸರು.

ಈ ಹೆಂಗಸರ ಅನುಭವ ನಮಗೂ ತಿಳಿದಿರಬೇಕಾದದ್ದು. ದೇಶ ದೇಶಗಳು ಮಾಡಿಕೊಳ್ಳುವ ಒಪ್ಪಂದ ಎಷ್ಟು ಗಟ್ಟಿ ಎಂಬುದು ರಾಜಧಾನಿಯಲ್ಲಿ ಗೊತ್ತಾಗುವುದಿಲ್ಲ, ಎರಡು ಮೂಟೆ ಹೊತ್ತ ಹೆಂಗಸು ಕಟ್ಟೆ ದಾಟುವಾಗ ಗೊತ್ತಾಗುತ್ತದೆ.

ದುಡಿಮೆ ಅವಳದು, ಜಮೀನು ಅವನದು

ಆ ಪ್ರದೇಶದಲ್ಲಿ ಬಿತ್ತನೆ, ಕಳೆ, ಕೊಯ್ಲು, ಒಕ್ಕಣೆ ಎಲ್ಲದರಲ್ಲೂ ಹೆಂಗಸರ ಕೈ ದೊಡ್ಡದು. ಜಮೀನಿನ ಪತ್ರ ಮಾತ್ರ ಹೆಚ್ಚಾಗಿ ಗಂಡಸರ ಹೆಸರಿನಲ್ಲಿ. ಪತ್ರವಿಲ್ಲದವಳಿಗೆ ಬ್ಯಾಂಕಿನ ಸಾಲವೂ ಕಷ್ಟ. ತಾನೇ ಹೊತ್ತು ಮಾರಿದ ಮೂಟೆಯ ಹಣ ಮಾತ್ರ ಅವಳ ಕೈಗೇ ಬರುತ್ತದೆ. ಮಕ್ಕಳ ಶಾಲೆಯ ಖರ್ಚು, ಔಷಧಿ, ಮುಂದಿನ ವಾರದ ಬಂಡವಾಳ ಎಲ್ಲವೂ ಅದರಿಂದಲೇ.

ಹೆಂಗಸರಿಗೆ ಜಮೀನು, ಸಾಲ, ಮಾರುಕಟ್ಟೆ ದೊರೆಯಬೇಕೆಂದು ಆಫ್ರಿಕದ ರಾಷ್ಟ್ರಗಳು 2003ರ ಜುಲೈನಲ್ಲಿ ಮೊಜಾಂಬಿಕ್ ದೇಶದ ಮಾಪುಟೊ ನಗರದಲ್ಲಿ ಒಂದು ಒಡಂಬಡಿಕೆಯನ್ನು ಅಂಗೀಕರಿಸಿದವು. ಅದು 2005ರ ನವೆಂಬರಿನಲ್ಲಿ ಜಾರಿಗೆ ಬಂತು. ಉಗಾಂಡ ಮತ್ತು ಕೀನ್ಯ ಎರಡೂ 2010ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟವು.

ಒಪ್ಪಂದವಿತ್ತು, ತಲುಪಿರಲಿಲ್ಲ

ಕೀನ್ಯ, ಉಗಾಂಡ, ಟಾಂಜಾನಿಯ ದೇಶಗಳು 1967ರಲ್ಲಿ ಪೂರ್ವ ಆಫ್ರಿಕ ಸಮುದಾಯವನ್ನು ಕಟ್ಟಿದ್ದವು. ಒಳಜಗಳದಿಂದ 1977ರಲ್ಲಿ ಅದು ಮುರಿದುಬಿತ್ತು. 1999ರಲ್ಲಿ ಮತ್ತೆ ಕರಾರಿಗೆ ಸಹಿ ಹಾಕಿ 2000ದಲ್ಲಿ ಹೊಸದಾಗಿ ಆರಂಭಿಸಿದರು. ಬೇರೆ ದೇಶಗಳೂ ಬಂದು ಸೇರಿ, 2024ರಲ್ಲಿ ಸೊಮಾಲಿಯ ಸೇರಿದಾಗ ಸದಸ್ಯರ ಸಂಖ್ಯೆ ಎಂಟಾಯಿತು. ಕೇಂದ್ರ ಕಚೇರಿ ಟಾಂಜಾನಿಯದ ಅರುಷದಲ್ಲಿದೆ. ವ್ಯಾಪಾರದಲ್ಲಿ ಹೆಂಗಸರಿಗೆ ಒತ್ತಾಸೆ ಕೊಡಬೇಕೆಂದು ಆ ಕರಾರಿನಲ್ಲಿಯೇ ಬರೆದಿದೆ. 2005ರಿಂದ ಸುಂಕದ ಒಕ್ಕೂಟ ಜಾರಿಗೆ ಬಂದು, ಈ ಪ್ರದೇಶದಲ್ಲೇ ಬೆಳೆದ ಮಾಲಿನ ಮೇಲಿನ ಒಳಸುಂಕವನ್ನು ಹಂತ ಹಂತವಾಗಿ ತೆಗೆಯಲಾಯಿತು.

ಸಣ್ಣವರಿಗಾಗಿ ಒಂದು ಸುಲಭ ಕ್ರಮವನ್ನೂ ಮಾಡಿದರು. ಮಾಲಿನ ಬೆಲೆ 2,000 ಡಾಲರಿನೊಳಗೆ (ಸುಮಾರು ಒಂದೂಮುಕ್ಕಾಲು ಲಕ್ಷ ರೂಪಾಯಿ) ಇದ್ದು, ಅದು ಒಪ್ಪಿದ ಪಟ್ಟಿಯಲ್ಲಿದ್ದರೆ, ಇದು ನಮ್ಮ ಪ್ರದೇಶದಲ್ಲೇ ಬೆಳೆದದ್ದು ಎಂಬ ಸರಳ ಪತ್ರವನ್ನು ಗಡಿಯಲ್ಲಿಯೇ ಪಡೆಯಬಹುದು. ಆ ಪತ್ರವಿದ್ದರೆ ಸುಂಕವಿಲ್ಲ.

ಹೀಗಿದ್ದೂ ಎಷ್ಟೋ ಹೆಂಗಸರು ಕಟ್ಟೆಯ ಕಡೆ ಸುಳಿಯುತ್ತಿರಲಿಲ್ಲ. ಕಾರಣ ಸರಳ. ಇಂಥ ಪತ್ರವೊಂದಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಓದು ಬರಹ ಬಾರದವರು ನಮೂನೆ ತುಂಬುವುದು ಹೇಗೆ? ಜೊತೆಗೆ ಲಂಚದ ಕಾಟ, ಒರಟು ಮಾತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ನಮ್ಮ ಗಾದೆ ಅಲ್ಲಿಗೂ ಸಲ್ಲುತ್ತದೆ. ಹಾಗಾಗಿ ಪೊದೆಯ ನಡುವಿನ ಕಳ್ಳದಾರಿ ಹಿಡಿಯುತ್ತಿದ್ದರು. ಸ್ವಾಹಿಲಿ ಭಾಷೆಯಲ್ಲಿ ಅದಕ್ಕೆ 'ಪಾನ್ಯ' ದಾರಿ, ಅಂದರೆ ಇಲಿಯ ದಾರಿ ಎಂದು ಹೆಸರು.

ಗಮನಿಸಿ: ಸುಂಕವೇ ಇಲ್ಲದ ಮಾಲನ್ನು ಕದ್ದು ಸಾಗಿಸುವಂತಾಯಿತು! ಆ ದಾರಿಯಲ್ಲಿ ಸಿಕ್ಕಿಬಿದ್ದರೆ ಮೂಟೆ ಹೋಗುತ್ತದೆ, ಮೂಟೆಯ ಜೊತೆ ಬಂಡವಾಳವೂ ಹೋಗುತ್ತದೆ. ಮಾನಕ್ಕೂ ಪ್ರಾಣಕ್ಕೂ ಅಪಾಯ. ಕಳ್ಳದಾರಿಯಲ್ಲಿ ಬಂದವಳು ಯಾರ ಮೇಲೂ ದೂರು ಕೊಡುವಂತಿಲ್ಲ.

ಬದಲಾವಣೆ ಬಂದ ಬಗೆ

ಮೊದಲನೆಯದು ಕಟ್ಟೆಯ ಸುಧಾರಣೆ. ಹಿಂದೆ ಗಡಿಯ ಈಚೆಗೊಮ್ಮೆ, ಆಚೆಗೊಮ್ಮೆ ಎರಡು ಬಾರಿ ತಪಾಸಣೆಗೆ ನಿಲ್ಲಬೇಕಿತ್ತು. 2018ರ ಫೆಬ್ರವರಿಯಲ್ಲಿ ಎರಡೂ ದೇಶಗಳ ಅಧ್ಯಕ್ಷರು ಬುಸಿಯದ ಏಕ ತಪಾಸಣಾ ಠಾಣೆಯನ್ನು ಉದ್ಘಾಟಿಸಿದರು. ಈಗ ಎರಡೂ ದೇಶದ ಅಧಿಕಾರಿಗಳು ಒಂದೇ ಕಡೆ ಕುಳಿತು ಕೆಲಸ ಮುಗಿಸುತ್ತಾರೆ.

ಎರಡನೆಯದು ತಿಳಿವಳಿಕೆ. ಯಾವ ಮಾಲಿಗೆ ಯಾವ ಕಾಗದ ಬೇಕು ಎಂದು ಜನರ ಮಾತಿನಲ್ಲೇ ಹೇಳುವ ವ್ಯವಸ್ಥೆ ಕೆಲವು ಗಡಿಗಳಲ್ಲಿ ಬಂತು.

ಮೂರನೆಯದು ಹೆಂಗಸರ ಸಂಘಗಳು. ಇದೇ ಹೆಚ್ಚಿನದು ಎಂದು ನನ್ನ ಅಭಿಪ್ರಾಯ. 2020ರಲ್ಲಿ ಕೋವಿಡ್ ಬಂದಾಗ ಗಡಿಯಲ್ಲಿ ನಡೆದು ಹೋಗುವವರನ್ನು ತಡೆದರು. ಲಾರಿಗಳಿಗೆ ಮಾತ್ರ ಬಿಡುಗಡೆ ಇತ್ತು. ತಲೆಹೊರೆಯವರ ಗತಿ ಏನು? ಕೆಲವು ಕಡೆ ಹೆಂಗಸರು ಗುಂಪಾಗಿ ತಮ್ಮ ಮೂಟೆಗಳನ್ನು ಒಟ್ಟುಮಾಡಿ ಒಂದೇ ಲಾರಿಯಲ್ಲಿ ಕಳಿಸಿದರು. ಒಬ್ಬೊಬ್ಬರಿಗೆ ಮುಚ್ಚಿದ್ದ ದಾರಿ ಒಟ್ಟಾದವರಿಗೆ ತೆರೆಯಿತು.

ಕಾಳು ಒಣಗದಿದ್ದರೆ ಕಾಗದ ವ್ಯರ್ಥ

2021ರ ಮಾರ್ಚ್ 5ರಂದು ಕೀನ್ಯವು ಉಗಾಂಡ ಮತ್ತು ಟಾಂಜಾನಿಯದ ಮುಸುಕಿನ ಜೋಳವನ್ನು ತಡೆಯಿತು. ಕಾಳಿನಲ್ಲಿ ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ ಮಿತಿಮೀರಿದೆ ಎಂಬುದು ಕಾರಣ. ಕೆಲವೇ ದಿನಗಳಲ್ಲಿ ತಡೆ ತೆಗೆದರೂ, ಪರೀಕ್ಷಾ ಪತ್ರ ಬೇಕೆಂಬ ಷರತ್ತು ಉಳಿಯಿತು.

ಭಯ ಸುಳ್ಳಲ್ಲ. 2004ರಲ್ಲಿ ಪೂರ್ವ ಕೀನ್ಯದಲ್ಲಿ ಹಸಿಯಾಗಿ ಶೇಖರಿಸಿದ ಮುಸುಕಿನ ಜೋಳ ತಿಂದು 317 ಮಂದಿ ಕಾಯಿಲೆ ಬಿದ್ದರು. ಅವರಲ್ಲಿ 125 ಮಂದಿ ಸತ್ತರು. ಪೂರ್ವ ಆಫ್ರಿಕದ ದೇಶಗಳು ಒಟ್ಟಾಗಿ ಒಪ್ಪಿದ ಮಟ್ಟದ ಪ್ರಕಾರ ಕಾಳಿನ ತೇವಾಂಶ ಶೇ. 13.5 ಮೀರಬಾರದು, ಒಂದು ಟನ್ ಕಾಳಿನಲ್ಲಿ ಈ ವಿಷ 10 ಮಿಲಿಗ್ರಾಂ ಮೀರಬಾರದು.

ನಿಯಮ ಸರಿಯೇ. ಆದರೆ ಎರಡು ಮೂಟೆಯವಳು ಪರೀಕ್ಷೆಯ ಖರ್ಚನ್ನು ಹೇಗೆ ಭರಿಸಿಯಾಳು? ಐವತ್ತು ಜನ ಸೇರಿ ನೂರು ಮೂಟೆ ಮಾಡಿದರೆ ಆ ಖರ್ಚು ಹಂಚಿಹೋಗುತ್ತದೆ. ಆದರೆ ಒಬ್ಬಳ ಹಸಿ ಕಾಳು ಬೆರೆತರೆ ಎಲ್ಲರ ಮಾಲೂ ಕೆಡುತ್ತದೆ. ಆದ್ದರಿಂದ ಸಂಘದಲ್ಲಿ ಕಾಳು ಬೆರೆಸುವ ಮೊದಲು ಪ್ರತಿಯೊಂದು ಮೂಟೆಯನ್ನೂ ಪರೀಕ್ಷಿಸುವುದು ಅಗತ್ಯ. ಅದಕ್ಕೆ ಅಲ್ಲಿನ ರೈತರಿಗೆ ಹೇಳಿಕೊಡುವ ಉಪ್ಪಿನ ಪರೀಕ್ಷೆ ಹೀಗಿದೆ:

1. ಪೂರ್ತಿ ಒಣಗಿದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಕಾಳು ತುಂಬಿ.
2. ಹುರಿದು ಆರಿಸಿದ ಪುಡಿ ಉಪ್ಪನ್ನು ಎರಡು ಮೂರು ಚಮಚ ಹಾಕಿ ಮುಚ್ಚಳ ಬಿಗಿಯಿರಿ.
3. ಒಂದು ನಿಮಿಷ ಚೆನ್ನಾಗಿ ಕುಲುಕಿ ಕಾಲು ಗಂಟೆ ಬಿಡಿ.
4. ಗಾಜಿನ ಒಳಬದಿಗೆ ಉಪ್ಪು ಅಂಟಿದರೆ ತೇವ ಶೇ. 15ಕ್ಕಿಂತ ಹೆಚ್ಚು, ಕಾಳನ್ನು ಮತ್ತೆ ಒಣಗಿಸಬೇಕು. ಅಂಟದಿದ್ದರೂ ಇನ್ನೊಂದು ಒಳ್ಳೆಯ ಬಿಸಿಲು ತೋರಿಸುವುದು ಕ್ಷೇಮ.

ಕಾಳನ್ನು ಬರಿ ನೆಲದ ಮೇಲೆ ಹರಡದೆ ಟಾರ್ಪಾಲಿನ ಮೇಲೆ ಒಣಗಿಸಬೇಕು. ಒಮ್ಮೆ ಸೇರಿದ ವಿಷ ಬಿಸಿಲಿಗಾಗಲಿ ಬೇಯಿಸುವುದಕ್ಕಾಗಲಿ ಹೋಗುವುದಿಲ್ಲ ಎಂಬುದನ್ನು ಮರೆಯಬಾರದು. ಇದೇ ಬೂಷ್ಟು ನಮ್ಮ ದಾವಣಗೆರೆ, ಹಾವೇರಿ ಕಡೆಯ ಮುಸುಕಿನ ಜೋಳಕ್ಕೂ, ಶೇಂಗಾಕ್ಕೂ ತಗಲುತ್ತದೆ. ಆದ್ದರಿಂದ ಈ ಪರೀಕ್ಷೆಯನ್ನು ನಮ್ಮ ಮುಸುಕಿನ ಜೋಳದ ಕಣದಲ್ಲೂ ಮಾಡಿ ನೋಡಬಹುದು.

ಬುಸಿಯದ ಹೆಂಗಸರ ಕಷ್ಟ ಮುಗಿದಿಲ್ಲ. ಇಲಿಯ ದಾರಿ ಇನ್ನೂ ಇದೆ, ಹಿಡಿಯುವವರೂ ಇದ್ದಾರೆ. ಆದರೆ ತನಗೆ ಯಾವ ಹಕ್ಕಿದೆ ಎಂದು ತಿಳಿದವಳು, ಸಂಘದ ಬೆಂಬಲವಿದ್ದವಳು, ಒಣಗಿದ ಕಾಳಿನ ಮೂಟೆ ಹೊತ್ತವಳು ಹಗಲಿನಲ್ಲೇ ರಾಜಮಾರ್ಗದಲ್ಲಿ ಕಟ್ಟೆ ದಾಟಬಲ್ಲಳು. ನಿಮ್ಮ ವಾಚನಾಲಯದಲ್ಲಿ ಇದನ್ನು ಓದಿದವರು ಮನೆಯ ಹೆಂಗಸರಿಗೂ ಓದಿ ಹೇಳಿ. ಕಾಳು ಒಣಗಿಸುವ ಕೈ ಹೆಚ್ಚಾಗಿ ಅವರದೇ. ಮಾರಿದ ಲೆಕ್ಕವೂ ಅವರಿಗೆ ತಿಳಿದಿರಲಿ.