ಮಗ್ಗವೂ ಮೇಜೂ

ಹತ್ತನೆಯ ಇಯತ್ತೆ ಮುಗಿಯುತ್ತಲೇ ಮನೆಮನೆಯಲ್ಲಿಯೂ ಒಂದು ಪ್ರಶ್ನೆ ಏಳುತ್ತದೆ: ಮಗುವನ್ನು ಕಸುಬಿಗೆ ಹಚ್ಚಬೇಕೋ, ಕಚೇರಿಯ ನೌಕರಿಗೆ ಸಿದ್ಧಗೊಳಿಸಬೇಕೋ? ಕೈಗೆ ಶಾಯಿ ಹತ್ತಿದರೆ ಗೌರವ, ಎಣ್ಣೆ ಹತ್ತಿದರೆ ಅಗೌರವ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ಸರಿಯೇ?

ಸೊಲ್ಲಾಪುರದ ಚಾದರವನ್ನೇ ನೋಡಿರಿ. ಅದರ ಮೇಲಣ ಹೂಬಳ್ಳಿಯನ್ನು ಮೂಡಿಸುವುದು ಜಕಾರ್ಡ್ ಮಗ್ಗ. ಫ್ರಾನ್ಸಿನ ಜೋಸೆಫ್ ಮಾರೀ ಜಕಾರ್ಡನು 1804ರಲ್ಲಿ ಇದನ್ನು ರೂಪಿಸಿದನು. ರಂಧ್ರಗಳುಳ್ಳ ರಟ್ಟುಗಳ ಸರ ಅದರಲ್ಲಿ ತಿರುಗುತ್ತದೆ. ರಂಧ್ರವಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗುಳಿಯುತ್ತದೆ, ನಡುವೆ ಲಾಳಿಯು ಹೊಕ್ಕಿನ ನೂಲನ್ನು ಒಯ್ಯುತ್ತದೆ. ಚೌಕುಳಿ ಕಾಗದದ ಮೇಲೆ ಚಿತ್ರ ಬರೆದು, ಎಳೆಯೆಣಿಸಿ ರಟ್ಟು ಕೊರೆಯುವವನಿಗೆ ಗಣಿತ ಬೇಡವೇ? ಒಂದು ರಂಧ್ರ ತಪ್ಪಿದರೆ ಹೂವೇ ಕೆಡುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು ತನ್ನ ಗಣನಯಂತ್ರದ ಯೋಜನೆಗೆ ಈ ರಟ್ಟುಗಳನ್ನೇ ಎರವು ಪಡೆದನು. ಮುಂದೆ ಗಣಕಯಂತ್ರಗಳೂ ಬಹುಕಾಲ ರಂಧ್ರದ ಪತ್ರಗಳನ್ನೇ ಓದಿದವು. ಕಚೇರಿಯ ಮೇಜು ಮಗ್ಗಕ್ಕೆ ಋಣಿಯಾಗಿದೆ!

ಕಷ್ಟ ಎರಡರಲ್ಲಿಯೂ ಉಂಟು. ನೇಕಾರನಿಗೆ ಅರಳೆಯ ಧೂಳು, ಸದ್ದು. ಮಗ್ಗ ನಿಂತರೆ ಕೂಲಿಯೂ ನಿಲ್ಲುತ್ತದೆ. ಕಾರಕೂನನಿಗೆ ತಿಂಗಳ ಸಂಬಳವಿದ್ದರೂ ಬೆನ್ನಿಗೂ ಕಣ್ಣಿಗೂ ದಣಿವು. ಅವನ ಒಂದು ಅಂಕಿ ತಪ್ಪಿದರೆ ಯಾರದೋ ಪಿಂಚಣಿ ತಡೆಯುತ್ತದೆ.

ಜೇಡರ ದಾಸಿಮಯ್ಯನು ನೇಯುತ್ತಲೇ ವಚನಕಾರನಾದನು. ಕೈಯ ದುಡಿಮೆ ಬುದ್ಧಿಗೆ ಅಡ್ಡಿಯಲ್ಲ.

ಆದುದರಿಂದ ಪಾಲಕರು ಮಗುವಿನ ಒಲವನ್ನೂ ಶಕ್ತಿಯನ್ನೂ ನೋಡಿ ದಾರಿ ತೋರಿಸಲಿ. ಕೈಗಾರಿಕಾ ತರಬೇತಿ ಸಂಸ್ಥೆಯೂ ವಿದ್ಯಾಲಯವೇ. ಯಾವ ದಾರಿಯಾದರೂ ಶಾಲೆಯನ್ನು ನಡುವೆ ಬಿಡಿಸಬಾರದು. ಲೆಕ್ಕ ಬಲ್ಲ ನೇಕಾರನು ವ್ಯಾಪಾರಿಯಿಂದ ಮೋಸಹೋಗನು. ಮಗ್ಗದ ಶ್ರಮವನ್ನರಿತ ಕಾರಕೂನನು ಬಾಗಿಲಿಗೆ ಬಂದ ದುಡಿಮೆಗಾರನನ್ನು ವ್ಯರ್ಥವಾಗಿ ಕಾಯಿಸನು.